ಬೊಂಬಾಯಿ ವಿಳಾಸದ ಸಿಪಾಯಿ

"ಕೈ ಮುಗಿಯಿರಿ ಅಜ್ಜಿ, ಹಿಂದೆ ಜನ ಉಂಟು" ಎಂದು ಯಾರೋ ಅವಸರ ಮಾಡಿದರೂ ಕುಶಲಾ ಕೈ ಮುಗಿಯಲಿಲ್ಲ. ಎಂಬತ್ತೆರಡರ ಮುದುಕಿಗೆ ಹೆಣದ ಮೇಲೆ ಸಿಟ್ಟು! ಬಾರದೆ ಇರುತ್ತದೆಯೇ? "ನಿಮ್ಮ ಅಪ್ಪನ ಸುದ್ದಿ ಉಂಟು, ಕಾರ್ಕಳಕ್ಕೆ ಬನ್ನಿ, ಎದುರಿಗೇ ಹೇಳ್ತೇನೆ" ಎಂದು ಮೊನ್ನೆ ಫೋನು ಮಾಡಿದ್ದ ಗುಣಪಾಲ ಮಾಸ್ಟ್ರು, ಅವಳು ತನ್ನೂರು ಕೆಮ್ಮಣ್ಣಿನಿಂದ ಬಸ್ಸು ಹತ್ತಿ ಬರುವಷ್ಟರಲ್ಲಿ ಕಣ್ಣು ಮುಚ್ಚಿದ್ದರು.

"ಮಾಸ್ಟ್ರಿಗೆ ಜೀವಮಾನವಿಡೀ ಇದೇ ಕೆಲಸ ಅಲ್ವಾ ಮಾರಾಯ್ರೇ" ಎಂದರು ನೆರೆಮನೆಯ ಕ್ಲಾಯ್ಡ್. "ಪರದೇಶದ ಯುದ್ಧಕ್ಕೆ ಹೋದ ನಮ್ಮವರನ್ನು ಹುಡುಕುವುದು. ನನ್ನ ಮುತ್ತಜ್ಜ ಬಸ್ರಾದಲ್ಲಿ ತೀರಿದ್ದು ಅಂತ ಪತ್ತೆ ಮಾಡಿದ್ದೂ ಇವರೇ."

ಎಲ್ಲರಿಗೂ ಪತ್ತೆಯಾಯಿತು, ಕುಶಲಾಳಿಗೆ ಮಾತ್ರ ಇಲ್ಲ. ಅಪ್ಪ ಶೀನ ಬೊಂಬಾಯಿಯ ಹೋಟೆಲಿನಲ್ಲಿದ್ದವನು, ಅವಳು ತೊಟ್ಟಿಲಲ್ಲಿದ್ದಾಗ ಮಿಲಿಟರಿಗೆ ಸೇರಿದ. ಆಮೇಲೆ ಕಾಗದವಿಲ್ಲ. ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದಿತು ಊರು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಓಡಿಹೋದವನ ಮಗಳೆಂದು ಅನ್ನಿಸಿಕೊಂಡೇ ಅವಳಿಗೆ ತಲೆ ನರೆಯಿತು.

ಮಾಸ್ಟ್ರ ಹೆಂಡತಿ ರತ್ನಾವತಿ ಅವಳನ್ನು ಒಳಕೋಣೆಗೆ ಕರೆದೊಯ್ದು ಒಂದು ಫೋಟೋ ಕೈಗಿಟ್ಟರು. ಸೈನಿಕರ ಸ್ಮಾರಕದ ಕಲ್ಲಿನ ಮೇಲೆ ಸಾಲು ಸಾಲು ಹೆಸರು, ಒಂದರ ಸುತ್ತ ಕೆಂಪು ಶಾಯಿ.

"ಇಟಲಿಯಲ್ಲಿ ಕುಶಲಕ್ಕ, ನಲ್ವತ್ತನಾಲ್ಕನೇ ಇಸವಿಯಲ್ಲಿ, ಹೊಳೆ ದಾಟುವಾಗ ತೀರಿದ್ದು. ಸೇರುವಾಗ ಊರಿನದ್ದು ಬಿಟ್ಟು ಹೋಟೆಲಿನ ವಿಳಾಸ ಬರೆಸಿದ್ದಂತೆ. ತಂತಿ ಅಲ್ಲಿಗೇ ಹೋಯ್ತು. ಅಷ್ಟರಲ್ಲಿ ಹೋಟೆಲು ಮುಚ್ಚಿಯಾಗಿತ್ತು."

"ಮಾಸ್ಟ್ರಿಗೆ ಇದು ಯಾವಾಗ ಗೊತ್ತಾಯ್ತು?"

ರತ್ನಾವತಿ ತಲೆ ತಗ್ಗಿಸಿದರು. "ಇಪ್ಪತ್ತು ವರ್ಷ ಆಯ್ತು."

*

ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ ಮಾಸ್ಟ್ರು ಕೆಮ್ಮಣ್ಣಿಗೆ ಬಂದಾಗ ಕುಶಲಾಳ ಅಮ್ಮ ಹಣೆ ತುಂಬ ಕುಂಕುಮವಿಟ್ಟು, ಶಂಕರಪುರದ ಮಲ್ಲಿಗೆ ಮುಡಿದು ಜಗಲಿಯಲ್ಲಿ ಕುಳಿತಿದ್ದಳು. "ಇವಳ ಅಪ್ಪ ಬಂದರೆ ನೀರುದೋಸೆಯೇ ಆಗ್ಬೇಕು ಮಾಸ್ಟ್ರೇ, ಬೇರೆ ಎಂತದ್ದೂ ಮುಟ್ಟುವುದಿಲ್ಲ" ಎಂದು ನಾಚಿ ನಕ್ಕಳು. ಮಾಸ್ಟ್ರು ಚೀಲದ ಜಿಪ್ಪು ಅರ್ಧ ಎಳೆದವರು ಹಾಗೇ ಮುಚ್ಚಿದರು. ತೆಂಗಿನ ರೋಗದ ಮಾತಾಡಿ, ಚಾ ಕುಡಿದು ಹೊರಟರು.

ಅಮ್ಮ ಕಳೆದ ತಿಂಗಳು, ತೊಂಬತ್ತೆಂಟನೇ ವಯಸ್ಸಿನಲ್ಲಿ, ಮುತ್ತೈದೆಯಾಗಿಯೇ ತೀರಿಕೊಂಡಳು.

*

"ಆ ಮಲ್ಲಿಗೆ ತೆಗೆಸಲಿಕ್ಕೆ ನನ್ನಿಂದಾಗಲಿಲ್ಲ ಅಂತಿದ್ರು" ಎಂದರು ರತ್ನಾವತಿ.

ಹೊರಗೆ ಹೆಣ ಎತ್ತಲು ಸಿದ್ಧವಾಗಿತ್ತು. ಸ್ಮಶಾನಕ್ಕೆ ಹೋಗದ ಹೆಂಗಸರು ಚಿತೆಗೆಂದು ಗಂಧದ ಚೂರನ್ನು ಇಲ್ಲೇ ಮಾಸ್ಟ್ರ ಎದೆಯ ಮೇಲಿಡುತ್ತಿದ್ದರು. ಕುಶಲಾ ಬಗ್ಗಿದಳು.

"ಅಮ್ಮನ ಮಲ್ಲಿಗೆ ಉಳಿಸಿದಿರಿ. ನನ್ನ ತಲೆ ಮಾತ್ರ ತಗ್ಗಿಸಿಯೇ ಇಟ್ಟಿರಲ್ಲ ಮಾಸ್ಟ್ರೇ!" ಎಂದವಳಿಗೆ ಅಳು ಒತ್ತರಿಸಿ ಬಂತು. ಅತ್ತಳು, ಯಾರು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಂದು ಚೂರು ಇಟ್ಟಳು. ಮತ್ತೊಂದು ತೆಗೆದಳು.

"ಅದು ಯಾರದ್ದು ಅಜ್ಜಿ?" ಎಂದರು ಕ್ಲಾಯ್ಡ್.

"ನಮ್ಮ ಅಪ್ಪನದ್ದು. ಅವರಿಗೆ ಮನೆಯವರು ಯಾರೂ ಇಟ್ಟಿಲ್ಲ."

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಮಾಸ್ಟ್ರ ಎದೆಯ ಮೇಲೆ, ಶೀನನ ಚೂರೂ ಮೆಲ್ಲಗೆ ಗೇಟು ದಾಟಿತು.