ವಾರ್ನಿಷ್ ಹಚ್ಚಿದ ಕಲ್ಲು

“ಗ್ಯಾಬ್ರೋ ಅಂತ ಹೇಳಿಬಿಡು, ಪಾಸ್ ಮಾಡ್ತೀನಿ,” ಅಂದರು ಪರೀಕ್ಷಕರು, ಕಲ್ಲನ್ನು ನನ್ನ ಮುಂದಕ್ಕೆ ತಳ್ಳಿ, ಬಂಗಾಳಿಯಲ್ಲಿ, ಮಗುವಿಗೆ ಔಷಧಿ ಕುಡಿಸುವವರ ಹಾಗೆ.

“ಡೋಲರೈಟ್, ಸರ್.”

ನನ್ನ ಹಣೆಬರಹ ನೋಡಿ! ಮ್ಯಾಪಿನ ಪ್ರಶ್ನೆಯಲ್ಲಿ ಆಗಲೇ ಮುಗ್ಗರಿಸಿದ್ದೆ. ಈ ಕಲ್ಲೂ ಕೈಕೊಟ್ಟರೆ ಜಿಯಾಲಜಿ ಪ್ರ್ಯಾಕ್ಟಿಕಲ್ ಫೇಲು, ಎಂ.ಎಸ್ಸಿ. ಸೀಟಿಗೆ ಎಳ್ಳುನೀರು. ನಮ್ಮ ಕಾಲೇಜಿನಲ್ಲಿ ಕಲ್ಲು ನೋಡಿ ಹೆಸರು ಹೇಳುವವರೇ ಇಲ್ಲ. ಮೂಲೆ ಮುರಿದದ್ದು ಗ್ಯಾಬ್ರೋ ಎಂದು ಸೀನಿಯರುಗಳು ಹೇಳಿಕೊಟ್ಟದ್ದನ್ನೇ ಎಲ್ಲರೂ ಗಿಳಿಪಾಠದಂತೆ ಒಪ್ಪಿಸುತ್ತಾರೆ. ಹೊಳೆಯಲಿ ಎಂದು ವರ್ಷಾ ವರ್ಷಾ ವಾರ್ನಿಷ್ ಬಳಿದು ಕಲ್ಲಿನ ಹರಳೇ ಕಾಣದಂತೆ ಮಾಡಿಟ್ಟಿದ್ದಾರೆ.

“ಎರಡೂ ಒಂದೇ ಶಿಲಾರಸದಿಂದ ಆದದ್ದು, ಸರ್. ನೆಲದ ಆಳದಲ್ಲಿ ನಿಧಾನವಾಗಿ ಆರಿದರೆ ಗ್ಯಾಬ್ರೋ, ಹರಳು ದಪ್ಪಗೆ ಬೆಳೆಯುತ್ತೆ. ಮೇಲಕ್ಕೆ ಬಂದು ಬಿರುಕಿನಲ್ಲಿ ಸಿಕ್ಕಿಕೊಂಡು ಬೇಗ ಆರಿದರೆ ಡೋಲರೈಟ್, ಹರಳು ಸಣ್ಣ. ಆ ಮುರಿದ ಮೂಲೆಯಲ್ಲಿ ವಾರ್ನಿಷ್ ಸುಲಿದಿದೆ, ಅಲ್ಲಿ ನೋಡಿದೆ. ಚಿರೋಟಿ ರವೆಯ ಹಾಗಿದೆ.”

“ಉಗುರಿನಷ್ಟು ಜಾಗ ನೋಡಿ ಹೇಳ್ತೀಯಾ? ನಿಮಗೆ ಪಾಠ ಹೇಳೋ ಮೇಡಂ ಇಲ್ಲಿ ಓದುವಾಗಲೂ ಇದು ಗ್ಯಾಬ್ರೋನೇ.”

“ಹಾಗಾದರೆ ಆಗಲೂ ತಪ್ಪೇ.”

ಸಿಟ್ಟು ಬಂದಿತ್ತು. ಭಯವೂ ಇತ್ತು, ಸುಳ್ಳೇಕೆ ಹೇಳಲಿ? ಮಾರ್ಕ್ಸ್ ಹಾಳೆಗಳು ಫ್ಯಾನಿಗೆ ಹಾರದಿರಲೆಂದು ಅವುಗಳ ಮೇಲಿಟ್ಟಿದ್ದ ಸುತ್ತಿಗೆಯನ್ನು ಎತ್ತಿಕೊಂಡೆ. ಕಲ್ಲನ್ನು ನೆಲಕ್ಕಿಟ್ಟು ಬಾರಿಸಿದೆ. ಎರಡನೇ ಏಟಿಗೆ ಹೋಳಾಯಿತು. ಒಳಗೆ ಹರಳು ದಪ್ಪವಿದ್ದರೆ ನನ್ನ ಕಥೆ ಮುಗಿಯಿತು ಎಂದು ಹೊಳೆದದ್ದೇ ಆಮೇಲೆ. ಹಾಳೆಗಳೆಲ್ಲ ಕೋಣೆ ತುಂಬ ಹಾರಾಡಿದವು.

ಪರೀಕ್ಷಕರು ಒಡೆದ ಹೋಳನ್ನು ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು. ಪಕ್ಕದಿಂದ ನಾನೂ ಬಗ್ಗಿ ನೋಡಿದೆ. ಎಲ್ಲ ಕಡೆಯೂ ಸಣ್ಣ ಹರಳು.

“ಕಾಲೇಜಿನ ಕಲ್ಲು ಒಡೆದಿದ್ದೀಯ. ಮಾರ್ಕ್ಸ್ ಕಟ್ ಮಾಡಬೇಕಾಗುತ್ತೆ.”

“ಮಾಡಿ ಸರ್. ಒಡೆದದ್ದಕ್ಕೆ ಮಾಡಿ. ಕಲ್ಲಿನ ಹೆಸರಿನ ಮಾರ್ಕ್ಸ್ ಮಾತ್ರ ಮುಟ್ಟಬೇಡಿ.”

ಹೊರಗೆ ಬಂದೆ. ರೈಲ್ವೆ ಕೆಲಸಕ್ಕೆ ರಜೆ ಹಾಕಿ ಲೇಕ್ ಗಾರ್ಡನ್ಸ್‌ನಿಂದ ನನ್ನ ಜೊತೆಗೆ ಬಂದಿದ್ದ ಅಪ್ಪ ಬಾಗಿಲಲ್ಲೇ ನಿಂತಿದ್ದ. ಧಾರವಾಡ ಬಿಟ್ಟು ಬಂಗಾಳಕ್ಕೆ ಬಂದು ಎಷ್ಟು ಕಾಲವಾದರೂ ಅವನ ಮಾತು ಬದಲಾಗಿಲ್ಲ. ಕೈಯಲ್ಲಿ ಮಣ್ಣಿನ ಕುಡಿಕೆಯ ಚಹಾ ಆರಿತ್ತು.

“ಏನಾತವಾ ಮೇಧಾ? ಪಾಸಾದಿ?”

“ಗೊತ್ತಿಲ್ಲ ಅಪ್ಪಾ. ಸ್ಟೋನ್ ಒಡೆದುಬಿಟ್ಟೆ.”

“ಏ ಹುಚ್ಚಿ! ಅವರು ಅಂದದ್ದ ಅಂದು ಬರಾಕ ಏನಾಗಿತ್ತ ನಿನಗ?”

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಮುಂದಿನ ಹುಡುಗಿಯ ದನಿ ಕೇಳಿತು. “ಮೂಲೆ ಮುರಿದಿದೆ. ಗ್ಯಾಬ್ರೋ, ಸರ್.”

ಕಲ್ಲಿನ ಹೋಳನ್ನು ಮೇಜಿನ ಮೇಲೆ ಹೊರಳಿಸಿದ ಸದ್ದಾಯಿತು.

“ಮೂಲೆ ಬಿಡು,” ಅಂದರು ಪರೀಕ್ಷಕರು. “ಒಡೆದ ಕಡೆ ನೋಡಿ ಹೇಳು.”

ಅಪ್ಪನ ಕೈಯಿಂದ ಆ ತಣ್ಣನೆಯ ಚಹಾ ಕಸಿದುಕೊಂಡು ಒಂದೇ ಗುಟುಕಿಗೆ ಕುಡಿದೆ.