ಎರಡನೇ ಕುರ್ಚಿಯ ಇಪ್ಪತ್ತು ಸೆಕೆಂಡು

ಏಳು ವರ್ಷದಲ್ಲಿ ಒಂಬತ್ತು ಬ್ಯಾಂಡ್ ಬದಲಿಸಿದವನು ನಾನು, ಎಲ್ಬರ್ಟ್ ಪ್ರೂಯಿಟ್. ಊದುವುದು ಟೆನರ್ ಸ್ಯಾಕ್ಸೊಫೋನ್. ಒಂದೇ ಕಡೆ ಒಂದು ಚಳಿಗಾಲ ಕಳೆದರೆ ಸಾಕು, ಕೂತ ಕುರ್ಚಿಯಲ್ಲಿ ಇರುವೆ ಹರಿದಾಡಿದಂತಾಗುತ್ತದೆ. ಎರಡು ವಾರದ ನೋಟಿಸ್ ಕೊಟ್ಟು ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತೇನೆ. ‘ನಿನ್ನನ್ನ ಕಾಲಿಗೆ ಚಕ್ರ ಕಟ್ಟೇ ಹೆತ್ತೆ ಅಂತ ಕಾಣ್ಸುತ್ತೆ’ ಎಂದು ಅಮ್ಮ ನಮ್ಮೂರು ಬೋಲಿಯಿಂದ ಕಾಗದ ಬರೆಯುತ್ತಿದ್ದಳು. ಆ ಒಂಬತ್ತೂ ಬ್ಯಾಂಡುಗಳಲ್ಲಿ ನನಗೆ ಸಿಕ್ಕಿದ್ದು ಎರಡನೇ ಟೆನರಿನ ಕುರ್ಚಿ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮೊದಲನೇ ಟೆನರ್ ಎದ್ದು ನಿಂತು ಸೋಲೋ ಊದುತ್ತಾನೆ, ಹುಡುಗಿಯರು ಅವನ ಟೈ ಬಣ್ಣ ನೆನಪಿಟ್ಟುಕೊಳ್ಳುತ್ತಾರೆ. ಎರಡನೇ ಟೆನರ್ ಕೂತಲ್ಲೇ ಅವನ ಹಿಂದೆ ಹೂಂಗುಟ್ಟುತ್ತಾನೆ. ಅವನಿಗೆ ಟೈ ಇತ್ತೋ ಇಲ್ಲವೋ ಯಾರಿಗೂ ತಿಳಿಯದು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಕ್ಯಾನ್ಸಸ್ ಸಿಟಿಯ ಒರೆನ್ ಮೇಹ್ಯೂ ಅವರ ಬ್ಯಾಂಡಿಗೆ ಸೇರಿದೆ, ಅದು ಒಂಬತ್ತನೆಯದು. ಹದಿನಾಲ್ಕು ಜನ, ಒಂದು ಹಳೇ ಬಸ್ಸು. ಮೊದಲನೇ ಟೆನರ್ ಥ್ಯಾಡಿಯಸ್ ಗ್ರೀರ್, ಆರೂವರೆ ಅಡಿ ಆಳು. ಬೈಗುಳ ಆಡುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಅವನನ್ನು ಡೀಕನ್ ಎಂದು ಕರೆಯುತ್ತಿದ್ದರು, ಚರ್ಚಿನ ಹಿರಿಯನನ್ನು ಕರೆಯುವ ಹಾಗೆ. ಆಸಾಮಿ ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ನನಗೆ ಅವನನ್ನು ಕಂಡರೆ ಇನ್ನಷ್ಟು ಉರಿ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಆ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ ರೆಕಾರ್ಡಿಂಗ್. ಬೆಳಿಗ್ಗೆ ಒಂಬತ್ತು ಗಂಟೆಗೆ! ನಮ್ಮ ಕಸುಬಿನವರಿಗೆ ಅದು ಹೊತ್ತೇ ಅಲ್ಲ. ಆಗೆಲ್ಲ ಮೇಣದ ತಟ್ಟೆಯ ಮೇಲೆ ಮೂರು ನಿಮಿಷ ಒಂದೇ ಸಲ ಕೊರೆಯುತ್ತಿದ್ದರು, ತಪ್ಪಿದರೆ ತಟ್ಟೆ ಕಸಕ್ಕೆ. ಮೂರು ತಟ್ಟೆ ಆಗಲೇ ಕಸಕ್ಕೆ ಹೋಗಿದ್ದವು. ಉಳಿದದ್ದು ಒಂದೇ, ನುಡಿಸಬೇಕಿದ್ದುದು ‘ಕೋಲ್ ವ್ಯಾಗನ್ ಹಾಪ್’. ನಡುವೆ ಡೀಕನ್ನನದು ಇಪ್ಪತ್ತು ಸೆಕೆಂಡಿನ ಸೋಲೋ, ಬರೆದಿಟ್ಟದ್ದಲ್ಲ, ಆಗ ಹೊಳೆದಂತೆ ಊದುವುದು. ಶುರುವಾಗಿ ಒಂದು ನಿಮಿಷ ಕಳೆದಿರಬೇಕು, ಡೀಕನ್ನನ ರೀಡ್, ಅಂದರೆ ಬಾಯಿಗಿಟ್ಟು ಊದುವ ಆ ಜೊಂಡಿನ ಚೂರು, ಸೀಳಿತು. ಅವನು ತಲೆ ಅಲ್ಲಾಡಿಸಿದ. ಮೇಹ್ಯೂ ಅವರ ಬೆರಳು ನನ್ನತ್ತ ತಿರುಗಿತು.

ಎದ್ದೆ. ಊದಿದೆ. ಅರ್ಧ ದಾರಿಯಲ್ಲಿ ಲೆಕ್ಕ ತಪ್ಪಿತು. ರಾಗ ಎಲ್ಲಿ ತಿರುಗಬೇಕೋ ತಿಳಿಯದೆ, ಕತ್ತಲೆಯಲ್ಲಿ ಗೋಡೆ ಹಿಡಿದು ನಿಂತವನ ಹಾಗೆ, ಒಂದೇ ಸ್ವರವನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟೆ. ಉಸಿರು ಮುಗಿದು ಸದ್ದಾಗುವಂತೆ ಗುಟುಕು ಗಾಳಿ ನುಂಗಿದೆ. ಅಷ್ಟರಲ್ಲಿ ಪಿಯಾನೊ ದಾರಿ ತೋರಿಸಿತು, ಅದರ ಹಿಂದೆ ನಾಲ್ಕು ಸ್ವರ ಹತ್ತಿ ಇಳಿದು ಕೂತೆ. ಅಂಗಿ ಒದ್ದೆಯಾಗಿತ್ತು.

“ಹಾಳಾಯ್ತು,” ಅಂದೆ.

“ಹಾಳಾಗ್ಲಿ ಬಿಡು, ಬೇರೆ ತಟ್ಟೆ ಇಲ್ಲ,” ಅಂದರು ಮೇಹ್ಯೂ.

ಹಾಳಾಗಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಪ್ರತಿ ಕ್ಷೌರದಂಗಡಿಯಲ್ಲೂ ಆ ತಟ್ಟೆ ತಿರುಗುತ್ತಿತ್ತು. ಹೆಂಗಸರು ಬಟ್ಟೆ ಒಗೆಯುತ್ತ ಆ ಉದ್ದ ಸ್ವರ ಎಳೆಯುತ್ತಿದ್ದರು, ಕೊನೆಗೆ ಗುಟುಕು ಗಾಳಿ ನುಂಗಿ ನಗುತ್ತಿದ್ದರು. ತಟ್ಟೆಯ ಮೇಲಿದ್ದುದು ಮೇಹ್ಯೂ ಅವರ ಹೆಸರು ಮಾತ್ರ. ನಾನು ಅಮ್ಮನಿಗೆ ಕಾಗದ ಬರೆದೆ: ‘ಅದನ್ನು ಊದಿದವನು ನಾನು.’ ಆಕೆ ಪಕ್ಕದ ಮನೆಯ ಗ್ರಾಮಫೋನಿನಲ್ಲಿ ಅದನ್ನು ಸವೆಯುವಷ್ಟು ಕೇಳಿದಳಂತೆ. ಜಾಜ್ ಅಂದರೆ ಸೈತಾನನ ಸಂಗೀತ ಎನ್ನುತ್ತಿದ್ದ ಪಾದ್ರಿಯ ಹೆಂಡತಿಯನ್ನೂ ಕೈಹಿಡಿದು ಕೂರಿಸಿ ಕೇಳಿಸಿದಳಂತೆ.

ಇತ್ತ ನನ್ನ ಪಾಡು ಬೇರೆ. ಜನ ರೆಕಾರ್ಡಿನಲ್ಲಿದ್ದ ಹಾಗೇ ಬೇಕು ಎಂದು ಕೂಗುತ್ತಿದ್ದರು. ಮೇಹ್ಯೂ ಅವರದು ಒಂದೇ ಕಾನೂನು.

“ಸೋಲೋ ಕುರ್ಚಿಗೆ ಸೇರಿದ್ದು, ಆಳಿಗಲ್ಲ,” ಅಂದರು. “ಡೀಕನ್, ತಟ್ಟೆ ಕೇಳಿ ಕಲಿತ್ಕೋ. ಒಂದು ಸ್ವರ ಆಚೀಚೆ ಆಗ್ಬಾರ್ದು.”

“ಯಜಮಾನ್ರೇ, ಅದು ನನ್ನದು!” ಅಂದೆ.

“ನಿನ್ನದು ಎರಡನೇ ಕುರ್ಚಿ ಕಣಯ್ಯ. ಕೂತ್ಕೋ.”

ನಾವು ಇಳಿದುಕೊಂಡಿದ್ದ ವಸತಿಮನೆಯಲ್ಲಿ ಡೀಕನ್ ಮೂರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ನನ್ನ ತಪ್ಪನ್ನು ಕಲಿತ. ಗೋಡೆಯಾಚೆ ಮಂಚದ ಮೇಲೆ ಬಿದ್ದುಕೊಂಡು ನಾನು ಕೇಳಿಸಿಕೊಂಡೆ. ಮೊದಲು ಉದ್ದ ಸ್ವರ, ಆಮೇಲೆ ಗುಟುಕು. ಮತ್ತೆ ಗುಟುಕು. ಗುಟುಕನ್ನೂ ಬಿಡಲಿಲ್ಲ ಮಹಾರಾಯ! ಎದ್ದು ಬೀದಿಗೆ ಹೋದರೆ ಅಲ್ಲಿ ಸೋಡಾ ಅಂಗಡಿಯಲ್ಲಿ ಅದೇ ತಟ್ಟೆ. ಅದು ಕೇಳಿಸಿದ ಕಡೆಯಿಂದೆಲ್ಲ ಎದ್ದು ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಅಂದಿನಿಂದ ಪ್ರತಿ ಆಟದಲ್ಲೂ ಡೀಕನ್ ಎದ್ದು ನಿಂತು ಅದನ್ನು ಊದುತ್ತಿದ್ದ, ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಅದಕ್ಕೆ ಹೂಂಗುಟ್ಟುತ್ತಿದ್ದೆ. ನೋಟಿಸ್ ಬರೆದು ನಾಲ್ಕು ಸಲ ಹರಿದೆ. ಬಿಟ್ಟು ಹೋದರೆ ಅದು ಪೂರ್ತಿ ಅವನದಾಗುತ್ತದಲ್ಲ.

ಮೇ ತಿಂಗಳಲ್ಲಿ ಅಮ್ಮನ ಕಾಗದ ಬಂತು. ಜೂನ್ ಹತ್ತೊಂಬತ್ತಕ್ಕೆ, ನಮ್ಮ ಹಿರಿಯರಿಗೆ ಗುಲಾಮಗಿರಿಯಿಂದ ಬಿಡುಗಡೆಯಾದ ಸುದ್ದಿ ಮುಟ್ಟಿದ ದಿನಕ್ಕೆ, ಬೋಲಿಯ ತೋಪಿನಲ್ಲಿ ಮೇಹ್ಯೂ ಬ್ಯಾಂಡು ಎಂದು ಊರೆಲ್ಲ ಚೀಟಿ ಅಂಟಿಸಿದ್ದಾರೆ. ಚರ್ಚಿನ ನಲವತ್ತು ಜನರ ಜೊತೆ ಮುಂದಿನ ಸಾಲಿನಲ್ಲೇ ಕೂರುತ್ತೇನೆ, ನೀನು ಎದ್ದು ನಿಲ್ಲುವುದನ್ನು ಕಣ್ಣಾರೆ ನೋಡಬೇಕು ಎಂದು ಬರೆದಿದ್ದಳು. ಆಕೆಯ ಕಣ್ಣೆದುರು ಎದ್ದು ನಿಲ್ಲುವವನು ಡೀಕನ್.

ಮೇಹ್ಯೂ ಅವರನ್ನು ಬೇಡಿಕೊಂಡೆ. “ಇವತ್ತು ನಿನ್ನಮ್ಮ, ನಾಳೆ ಡ್ರಮ್ಮಿನವನ ಅತ್ತೆ. ಆಗಲ್ಲ,” ಅಂದರು. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎನ್ನುತ್ತಾರೆ, ಆ ಮನುಷ್ಯನದು ಮೂಗು ಹಿಡಿದರೂ ತೆರೆಯದ ಬಾಯಿ. ಕೊನೆಗೆ ಬಸ್ಸಿನಲ್ಲಿ ಡೀಕನ್ನನ ಪಕ್ಕ ಹೋಗಿ ಕೂತೆ. ಎಂಟು ತಿಂಗಳಲ್ಲಿ ಅವನ ಜೊತೆ ನೆಟ್ಟಗೆ ಮಾತಾಡಿದ್ದು ಅದೇ ಮೊದಲು.

“ಬೋಲಿಯಲ್ಲಿ ಒಂದೇ ಒಂದು ಸಲ ನಂಗೆ ಬಿಟ್ಕೊಡು,” ಅಂದೆ.

ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. “ನಾನೇನು ಖುಷಿಯಿಂದ ಊದ್ತಿದೀನಿ ಅನ್ಕೊಂಡ್ಯಾ ಎಲ್ಬರ್ಟ್? ದಿನಾ ಇನ್ನೊಬ್ಬನ ಅಂಗಿ ಹಾಕ್ಕೊಂಡು ನಿಂತಂಗಿರುತ್ತೆ. ನನ್ನದು ಅಂತ ಒಂದು ಸ್ವರ ಊದಿ ಆರು ತಿಂಗಳಾಯ್ತು.” ಆಮೇಲೆ ನನ್ನತ್ತ ತಿರುಗಿ, “ನೋಡೋಣ. ರೀಡ್ ಒಂದ್ಸಲ ಸೀಳಿದ್ದು ಇನ್ನೊಂದ್ಸಲ ಸೀಳಬಹುದು,” ಅಂದ. ನನಗೆ ನಾಚಿಕೆಯಾಯಿತು.

ಹತ್ತೊಂಬತ್ತರ ಮಧ್ಯಾಹ್ನ ಬೋಲಿಯಲ್ಲಿ ಎಂಥ ಬಿಸಿಲು! ಪೆಕನ್ ಮರಗಳ ಕೆಳಗೆ ಹಂದಿ ಪಕ್ಕೆಲುಬು ಸುಡುತ್ತಿದ್ದ ಹೊಗೆ, ಕೆಂಪು ಸೋಡಾ ಬಾಟಲಿಗಳು, ಬಿಳೀ ಉಡುಪಿನ ಹೆಂಗಸರು. ಮುಂದಿನ ಸಾಲಿನ ನಡುವೆ ಅಮ್ಮ, ಚರ್ಚಿಗೆ ಹಾಕುವ ಅದೇ ನೀಲಿ ಹ್ಯಾಟು, ಕೈಯಲ್ಲಿ ಬೀಸಣಿಗೆ. ‘ಕೋಲ್ ವ್ಯಾಗನ್ ಹಾಪ್’ ಶುರುವಾಗುತ್ತಲೇ ಜನ ಎದ್ದರು. ಸೋಲೋ ಹತ್ತಿರ ಬಂತು. ಡೀಕನ್ ವಾದ್ಯ ಬಾಯಿಂದ ತೆಗೆದು, ಹೆಬ್ಬೆರಳಿನಿಂದ ರೀಡ್ ಒತ್ತಿದ. ಚಟ್ ಎಂದಿತು. ಮೇಹ್ಯೂ ಅವರತ್ತ ನೋಡಿ ತಲೆ ಅಲ್ಲಾಡಿಸಿದ. ಅವರು ಹಲ್ಲು ಕಚ್ಚಿಕೊಂಡು ನನ್ನತ್ತ ಬೆರಳು ತೋರಿಸಿದರು.

ಎದ್ದು ನಿಂತೆ. ಅಮ್ಮನ ಬೀಸಣಿಗೆ ನಿಂತಿತು.

ಈಗ ಒಂದು ಮಾತು ಹೇಳಬೇಕು. ತಾನೇ ಊದಿದ ಸೋಲೋವನ್ನು ಕೂತು ಬಾಯಿಪಾಠ ಮಾಡುವವನನ್ನು ನಮ್ಮವರು ಗಿಳಿ ಎಂದು ಆಡಿಕೊಳ್ಳುತ್ತಾರೆ. ನಿನ್ನೆಯದನ್ನು ಇವತ್ತು ಊದುವುದು ನಮ್ಮಲ್ಲಿ ಮಾನಗೇಡು. ಹಾಗಾಗಿ ಆ ಇಪ್ಪತ್ತು ಸೆಕೆಂಡನ್ನು ನಾನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಮಾಡಬೇಕೆಂದು ಹೊಳೆಯಲೂ ಇಲ್ಲ. ನನ್ನದೇ ಅಲ್ಲವೇ! ಎಂಟು ತಿಂಗಳ ಹಸಿವೆಲ್ಲ ಒಂದೇ ಸಲ ಬೆರಳಿಗೆ ನುಗ್ಗಿತು, ಹೊಸದು ಬಂತು, ಹೊಸದರ ಮೇಲೆ ಹೊಸದು ಬಂತು. ಲೆಕ್ಕ ತಪ್ಪಲಿಲ್ಲ, ಉಸಿರು ಕಟ್ಟಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಮೊದಲೂ ಊದಿಲ್ಲ, ಆಮೇಲೂ ಊದಿಲ್ಲ. ಕಣ್ಣು ಬಿಟ್ಟಾಗ ಜನ ಬಾಯಿ ತೆರೆದು ಉದ್ದ ಸ್ವರ ಎಳೆಯಲು ಸಿದ್ಧವಾಗಿ ನಿಂತಿದ್ದರು. ಅದು ಬಂದೇ ಇರಲಿಲ್ಲ. ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು. ಹಿಂದಿನಿಂದ ಒಬ್ಬ, ಬೇರೆಲ್ಲೋ ನಮ್ಮ ಆಟ ನೋಡಿದ್ದವನಿರಬೇಕು, “ಆ ಉದ್ದನೆಯವ್ನನ್ನ ಎಬ್ಬಿಸ್ರೋ!” ಎಂದು ಕೂಗಿದ. ಪಾದ್ರಿಯ ಹೆಂಡತಿ ಅಮ್ಮನ ಕಡೆ ವಾಲಿ ಏನೋ ಕೇಳಿದಳು. ಅಮ್ಮ ಬೀಸಣಿಗೆಯಿಂದ ಮುಖ ಮರೆಮಾಡಿಕೊಂಡಳು.

ಸಂಜೆಯ ಊಟಕ್ಕೆ ಡೀಕನ್ನನನ್ನೂ ಮನೆಗೆ ಕರೆದೊಯ್ದೆ. ಅಮ್ಮ ಕೋಳಿ ಬಡಿಸಿದಳು, ಗೆಣಸಿನ ಪೈ ಕೊಯ್ದು ಇಟ್ಟಳು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟಳು.

“ಮಗಾ, ಸುಳ್ಳು ಯಾಕೆ ಹೇಳ್ಬೇಕಾಗಿತ್ತು? ನೀನು ಬ್ಯಾಂಡಲ್ಲಿ ಇರೋದೇ ನಂಗೆ ದೊಡ್ಡದಾಗಿತ್ತು.”

“ಅಮ್ಮಾ, ದೇವ್ರಾಣೆ ಅದು ನಂದೇ!”

“ಊಟದ ಮುಂದೆ ಆಣೆ ಹಾಕ್ಬೇಡ. ಆ ತಟ್ಟೆಲಿರೋ ಉಸಿರು ಉಸಿರೂ ನಂಗೆ ಗೊತ್ತು. ಇವತ್ತು ಊದಿದ್ಯಲ್ಲ, ಅದರಲ್ಲಿ ಅದೊಂದೂ ಇರ್ಲಿಲ್ಲ.”

“ಅವ್ನು ಹೇಳ್ತಿರೋದು ನಿಜ ಅಮ್ಮಾ,” ಅಂದ ಡೀಕನ್.

“ಗೆಳೆಯನಿಗೋಸ್ಕರ ನೀನೂ ಪಾಪ ಕಟ್ಕೋಬೇಡಪ್ಪಾ. ಎಲ್ಲಿ, ಪೆಟ್ಟಿಗೆ ತಂದಿದೀಯಲ್ಲ. ನಂಗೋಸ್ಕರ ಒಂದ್ಸಲ ಊದು.”

ಅವನು ನನ್ನನ್ನು ನೋಡಿದ. ನಾನು ಊಟದ ತಟ್ಟೆ ನೋಡಿದೆ. ಹಿರಿಯ ಹೆಂಗಸು ಕೇಳಿದ್ದನ್ನು ಇಲ್ಲವೆನ್ನುವ ಜಾಯಮಾನ ಅವನದಲ್ಲ. ಹೊಸ ರೀಡ್ ಹಾಕಿ, ಅಡಿಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಊದಿದ. ಉದ್ದ ಸ್ವರ ಬಂತು, ಗುಟುಕು ಬಂತು. ಅಮ್ಮ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡು, “ಇದು, ಇದೇ ಅದು,” ಅಂದಳು. ನಾನು ಪೈ ತಿಂದೆ. ಮಣ್ಣು ತಿಂದ ಹಾಗಿತ್ತು.

ಮರುದಿನ ಬಸ್ಸು ಹೊರಟಾಗ ಎಲ್ಲರೂ ನನ್ನ ನೋಟಿಸ್ ಕಾಯುತ್ತಿದ್ದರು. ಟ್ರಂಪೆಟ್ಟಿನವನೊಬ್ಬ, “ಎಲ್ಲಿ ಎಲ್ಬರ್ಟ್, ಹತ್ತನೇ ಬ್ಯಾಂಡು ಯಾವ್ದು?” ಎಂದು ಕೆಣಕಿದ. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ, ಡೀಕನ್ನನ ಪಕ್ಕ ಪೆಟ್ಟಿಗೆ ಬಿಚ್ಚಿದೆ.

“ಕಲಿಸು,” ಅಂದೆ.

“ಏನನ್ನ?”

“ನನ್ನದನ್ನ.”

ಅವನು ನಗಲಿಲ್ಲ. ಮೊದಲ ಸ್ವರದಿಂದ ಶುರು ಮಾಡಿದ. “ಅಲ್ಲ, ಇಲ್ಲಿ ಅವಸರ ಮಾಡ್ಬೇಡ, ನೀನು ಇಲ್ಲಿ ಸ್ವಲ್ಪ ಹಿಂದೆ ಬಿದ್ದಿದ್ದೆ,” ಎನ್ನುತ್ತಿದ್ದ. “ಇಲ್ಲಿ ನಿಂಗೆ ಭಯ ಆಗಿತ್ತು, ಸ್ವರ ಒಂಚೂರು ನಡುಗ್ಬೇಕು. ಹಾಂ, ಈಗ ಗುಟುಕು.” ನನ್ನ ಭಯವನ್ನು ಆ ಮನುಷ್ಯ ನನಗಿಂತ ಚೆನ್ನಾಗಿ ತಿಳಿದಿದ್ದ. ಮುಂದಿನ ಚಳಿಗಾಲ ಮುಗಿಯುವವರೆಗೂ ಕಲಿತೆ. ಮೇಹ್ಯೂ ಅವರ ಬ್ಯಾಂಡಿನಲ್ಲಿ ಅದು ನನ್ನ ಎರಡನೇ ಚಳಿಗಾಲ. ಇರುವೆ ಹರಿದಾಡುತ್ತಲೇ ಇದ್ದವು, ಆದರೂ ಕೂತಿದ್ದೆ.

ಈಸ್ಟರಿಗೆ ಒಬ್ಬನೇ ಬೋಲಿಗೆ ಹೋದೆ. ಅಮ್ಮನನ್ನು ಅಡಿಗೆಮನೆಯಲ್ಲೇ ಕೂರಿಸಿ, ಡೀಕನ್ ನಿಂತಿದ್ದ ಅದೇ ಬಾಗಿಲಲ್ಲಿ ನಿಂತು ಊದಿದೆ. ಒಂದು ಸ್ವರವೂ ಆಚೀಚೆ ಆಗಲಿಲ್ಲ. ನಡುಕವೂ ಇತ್ತು, ಗುಟುಕೂ ಇತ್ತು. ಆಕೆ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಹತ್ತಿರ ಬಂದು ನನ್ನ ಕೆನ್ನೆ ಸವರಿದಳು.

“ಚೆನ್ನಾಗಿ ಕಲ್ತಿದೀಯ ಮಗಾ,” ಅಂದಳು. “ಬಿಡ್ದೆ ಸಾಧನೆ ಮಾಡು. ಇನ್ನೊಂದೆರಡು ವರ್ಷಕ್ಕೆ ಆ ಉದ್ದನೆ ಹುಡುಗನ ಥರಾನೇ ಊದ್ತೀಯ.”