ಬೀದಿ ಪರದೆಯ ಬಾಗಿಲು

"ವಿಮಾನ ಎತ್ತಬ್ಯಾಡ್ರಿ" ಎಂದು ಹಾಲವ್ವ ಬಿದಿರು ಹಿಡಿದು ನಿಂತಳು.

ಹೆಗಲು ಕೊಡಲು ಬಗ್ಗಿದ್ದ ನಾಟಕ ಕಂಪನಿ ಮಾಲೀಕ ಅಜ್ಜಪ್ಪ ನೆಟ್ಟಗಾದ. ಸವಣೂರು ಕ್ಯಾಂಪಿನ ರಂಗದ ಮೇಲೆಯೇ ಹಾಲವ್ವನ ತಾಯಿ ವೀರವ್ವನ ಹೆಣಕ್ಕೆ ವಿಭೂತಿ ಹಚ್ಚಿ ಬಿದಿರಿನ ವಿಮಾನದಲ್ಲಿ ಕೂಡಿಸಿದ್ದರು. ಹಿಂದೆ ಬೀದಿ ಸೀನಿನ ಪರದೆ ಇಳಿಬಿದ್ದಿತ್ತು.

"ಹೊತ್ತು ಇಳೀತವ್ವಾ. ಇನ್ನ ಯಾರು ಬರೂದೈತಿ?"

"ತವರಿನ ಸೀರಿ ಬರಬೇಕ್ರಿ. ಸೋದರಮಾವ ಹೊದಿಸದ ಹೆಂಗ ಮಣ್ಣಿಗಿಡ್ಲಿ?"

"ಕಂಪನಿ ಸೇರಿದ್ಲಂತ ಬಾಗಲಾ ಹಾಕ್ಕೊಂಡಾಂವ, ಇಪ್ಪತ್ತು ವರ್ಷದ ಮ್ಯಾಲೆ ಬರ್ತಾನೇನು?"

"ಹಿರೇಬೆಂಡಿಗೇರಿಗೆ ನಾನ ಹೋಗಿ ಹೇಳಿ ಬಂದೇನಿ" ಎಂದ ಕಾಲಪೆಟ್ಟಿಗೆ ಹಾರ್ಮೋನಿಯಂ ಬಾರಿಸುವ ಕರೀಮಸಾಬ. "ನಾ ಹೇಳೂ ಮುಂದ ಎತ್ತಿನ ಮೈ ತೊಳಿಯೂದೂ ಬಿಡಲಿಲ್ಲ."

"ನಮ್ಮ ರಾಣಿ ಪಾತ್ರದ ಸೀರಿನ ಹೊದಿಸೂಣು" ಎಂದ ಅಜ್ಜಪ್ಪ.

"ಕಂಪನಿ ಸೀರಿ ಉಟ್ಟಿದ್ದು ಸಾಕಾತ್ರಿ. ಇವತ್ತರ ಮನೀದು ಬರ್ಲಿ."

*

ಹಾನಗಲ್ಲ ಕ್ಯಾಂಪು, ೧೯೩೧. ಪರದೆ ಬರೆಯುವವನು ಹೇಳದೆ ಕೇಳದೆ ಹೋಗಿಬಿಟ್ಟ. ರಾತ್ರಿ ರಾಣಿಯಾಗುವ ವೀರವ್ವ ಹಗಲು ಸೆರಗು ಕಟ್ಟಿ ಬೀದಿ ಬರೆದಳು. ಆಮೇಲೆ ಕಾಡು, ಅರಮನೆ ಎಲ್ಲವೂ ಅವಳ ಕೈಯವೇ. ಬಣ್ಣ ಹಿಡಿಸುವ ಅಂಟು, ಸರೇಸು ಮಾತ್ರ ಚರ್ಮ ಕುದಿಸಿ ಮಾಡಿದ್ದೆಂದು ಮೂಗು ಮುಚ್ಚಿಕೊಂಡು ಅರ್ಧವೇ ಬೆರೆಸುವಳು. ಮುಟ್ಟಿದವರ ಕೈಗೆಲ್ಲ ಬಣ್ಣ.

ಬೀದಿಯ ನಡುವೆ ಹಸಿರು ಬಾಗಿಲು. ಅದರ ಮೇಲೆ ಕೆತ್ತಿದ ಹಾಗೆ ಒಂದು ಎತ್ತು.

"ಅವ್ವಾ, ಎತ್ತಿಗೆ ಮೂರ ಕಾಲು!" ಏಳು ವರ್ಷದ ಹಾಲವ್ವ ನಕ್ಕಳು.

"ನಮ್ಮ ತವರಿನ ಬಾಗಲದ ಮ್ಯಾಲೆ ಕೆತ್ತಾಕತ್ತಿದ್ದ ಹುಡುಗಗ ಅವರಪ್ಪ ಬಡದ. ನಾಕನೇದು ಉಳೀತು."

"ಯಾವ ಹುಡುಗ?"

"ಕುಂಚ ಕೊಡು ಇಲ್ಲೆ."

*

ಬಿಸಿಲು ಬಾಗುವಾಗ ಸೋದರಮಾವ ಕರಿಬಸಪ್ಪ ಬಂದ. ಮೈಯೆಲ್ಲ ಬೆವರು, ಬಗಲಲ್ಲಿ ಬಿಳಿ ಸೀರೆ.

"ಯುದ್ಧದಾಗ ಅರಿವಿ ಎಲ್ಲಿ ಸಿಗ್ತಾವು? ಮೂರೂರು ತಿರುಗಿದೆ" ಎಂದ, ಯಾರ ಮುಖವನ್ನೂ ನೋಡದೆ.

"ಮ್ಯಾಲೆ ಬರ್ರಿ ಮಾವಾ."

"ನಾಟಕದ ಅಟ್ಟ ನಾ ಹತ್ತೂದಿಲ್ಲ. ತಗೋ, ನೀನ ಹೊದಸು."

ಹಾಲವ್ವ ಕೈ ಚಾಚಲಿಲ್ಲ. "ತವರಿನವರ ಕೈಲೇ ಆಗಬೇಕ್ರಿ."

ಆಗ ಅವನು ತಲೆ ಎತ್ತಿ ತಂಗಿಯನ್ನು ನೋಡಿದ. ನೋಟ ಅವಳ ಹಿಂದಿನ ಪರದೆಯ ಹಸಿರು ಬಾಗಿಲ ಮೇಲೆ ನಿಂತಿತು.

ಮೆಟ್ಟು ಕಳಚಿ ಮೇಲೆ ಹತ್ತಿದ. ಮೂರು ಕಾಲಿನ ಎತ್ತಿನ ಮೇಲೆ ಬೆರಳಾಡಿಸಿದ. ಬಾಗಿಲನ್ನು ಅಂಗೈಯಿಂದ ಒತ್ತಿದ. ಬಟ್ಟೆ ಹಿಂದೆ ಸರಿದು ಮತ್ತೆ ಮುಂದೆ ಬಂತು.

"ಬಣ್ಣ ಹತ್ತತೈತ್ರಿ" ಎಂದ ಅಜ್ಜಪ್ಪ.

ಕರಿಬಸಪ್ಪ ಸೀರೆ ಬಿಚ್ಚಿ ತಂಗಿಗೆ ಹೊದಿಸಿದ. ಭುಜದ ಮೇಲೆ ಜಾರದಂತೆ ಒತ್ತಿ ಹಿಡಿದ. ಆಮೇಲೆ ಹೆಗಲು ಕೊಟ್ಟ.

ವಿಮಾನ ತಂಬುವಿನಿಂದ ಬಿಸಿಲಿಗೆ ಬಂದಾಗ ವೀರವ್ವನ ಭುಜದ ಬಿಳಿ ಸೀರೆಯ ಮೇಲೆ ಐದು ಹಸಿರು ಬೆರಳು ಮೂಡಿದ್ದವು.